ಶಾಲೆಯ ಸೂಚನೆ: ಬಳಸುವ ವಿಧಾನ

(ಶಿರಸಿ ಶೈಕ್ಷಣಿಕ ಜಿಲ್ಲೆಯ ಪಾಲಕರಿಗಾಗಿ. ಬಯಲುಸೀಮೆಯವರು ಮಳೆಯ ಭಾಗ ಬಿಟ್ಟು ಓದಿಕೊಳ್ಳತಕ್ಕದ್ದು.)

ಸಾಧನದ ಪರಿಚಯ

ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಿ ಮನೆಗೆ ಬರುವಷ್ಟರಲ್ಲಿ ಈ ಸಾಧನ ನಿಮ್ಮ ಮೊಬೈಲಿನಲ್ಲಿ ಬಂದು ಕೂತಿರುತ್ತದೆ. ಹೆಸರು ‘ಪಾಲಕರ ಗ್ರೂಪ್’. ಚಾಲೂ ಮಾಡುವ ಗುಂಡಿ ಇಲ್ಲ. ಬೆಳಗಿನ ಜಾವ ಯಾರೋ ಕಳಿಸುವ ಶುಭೋದಯದ ಗುಲಾಬಿಯೊಂದಿಗೆ ತಾನೇ ಚಾಲೂ ಆಗುತ್ತದೆ. ಬಂದ್ ಮಾಡುವ ಗುಂಡಿ ಇದೆ, ಆದರೆ ಒತ್ತಬಾರದು. ಕಾರಣ ಮುಂದೆ ಬರುತ್ತದೆ.

ಸೂಚನೆ ಎಲ್ಲಿ ಹುಟ್ಟಿ ಹೇಗೆ ಹರಿದು ಬರುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಕರ್ನಾಟಕದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಬೆಂಗಳೂರು ನಗರ ಉತ್ತರ, ದಕ್ಷಿಣ ಎಂದು ಎರಡಾಗಿದೆ. ಚಿಕ್ಕೋಡಿ, ಮಧುಗಿರಿ, ಶಿರಸಿ ಶಾಲೆಯ ಲೆಕ್ಕಕ್ಕೆ ಮಾತ್ರ ಜಿಲ್ಲೆಗಳು. ಶಿರಸಿಯ ಪಾಲಿಗೆ ಘಟ್ಟದ ಮೇಲಿನ ಆರು ಶೈಕ್ಷಣಿಕ ತಾಲ್ಲೂಕುಗಳು: ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ. ಬೆಂಗಳೂರಿನಿಂದ ಹೊರಟ ಸುತ್ತೋಲೆ ಉಪನಿರ್ದೇಶಕರ ಕಚೇರಿ, ಬಿಇಒ ಕಚೇರಿ, ಸಿಆರ್‌ಪಿ, ಮುಖ್ಯಶಿಕ್ಷಕರು ಎಂದು ಮೆಟ್ಟಿಲಿಳಿದು ಗ್ರೂಪಿಗೆ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಅದಕ್ಕೊಂದು ‘ಅತಿ ಜರೂರು’ ಅಂಟಿಕೊಳ್ಳುತ್ತದೆ, ಒಂದೆರಡು ದಿನ ಕಳೆದುಹೋಗುತ್ತದೆ.

ಓದುವ ಕ್ರಮ

ಮೇಲಿನಿಂದ ಓದಬೇಡಿ. ಮೇಲೆ ಇರುವುದು ‘ಉಲ್ಲೇಖ’. ಅದರ ಕೆಳಗೆ ಹಿಂದಿನ ಸುತ್ತೋಲೆಗಳ ಸಂಖ್ಯೆಗಳ ವಂಶಾವಳಿ. ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ಮುಗಿಯಲು ಮನಸ್ಸಿಲ್ಲದ ಒಂದು ವಾಕ್ಯ. ಕೆಳಗಿನಿಂದ ಮೇಲಕ್ಕೆ ಬನ್ನಿ. ಸಹಿಗಿಂತ ಸ್ವಲ್ಪ ಮೇಲೆ ಕೊನೆಯ ದಿನಾಂಕ ಅಡಗಿರುತ್ತದೆ. ಅದು ಸಾಮಾನ್ಯವಾಗಿ ನಾಳೆ.

ಪಿಡಿಎಫ್ ತೆರೆಯದಿದ್ದರೆ ‘ಇದರಲ್ಲಿ ಏನಿದೆ?’ ಎಂದು ಗ್ರೂಪಿನಲ್ಲಿ ಕೇಳಬಹುದು. ಮೂವತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಯಾರೂ ಓದಿರುವುದಿಲ್ಲ. ಅಕ್ಕೋರಿಗೆ ನೇರವಾಗಿ ಫೋನ್ ಮಾಡುವುದು ಉತ್ತಮ, ಆದರೆ ಬಿಸಿಯೂಟದ ಹೊತ್ತಿನಲ್ಲಿ ಬೇಡ.

ಮಳೆಗಾಲದಲ್ಲಿ ಬಳಕೆ

ಜೂನ್‌ನಿಂದ ಆಗಸ್ಟ್‌ವರೆಗೆ ಸಾಧನ ಪೂರ್ತಿ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತದೆ. ಶಾಲೆಗಳ ಉಪನಿರ್ದೇಶಕರು ಇರುವುದು ಶಿರಸಿಯಲ್ಲಿ, ಮಳೆಯ ರಜೆ ಕೊಡುವ ಜಿಲ್ಲಾಧಿಕಾರಿ ಇರುವುದು ಘಟ್ಟದ ಕೆಳಗೆ ಕಾರವಾರದಲ್ಲಿ. ಹಾಗಾಗಿ ಇಲ್ಲಿ ಸೂರು ಹಾರುವ ಗಾಳಿಯಿದ್ದರೂ ಕಿವಿ ಕಾರವಾರದ ಕಡೆಗಿರಬೇಕು. ಆದೇಶ ಬರುವುದು ರಾತ್ರಿ ಊಟದ ನಂತರ, ಇಲ್ಲವೇ ಮಗು ಸ್ನಾನ ಮುಗಿಸಿ ಯೂನಿಫಾರಂ ಹಾಕಿಕೊಂಡ ನಂತರ.

ಬಂದ ಆದೇಶದಲ್ಲಿ ಎರಡು ಸಂಗತಿ ನೋಡಿ. ಒಂದು, ತಾಲ್ಲೂಕು. ಒಂದೇ ಶೈಕ್ಷಣಿಕ ಜಿಲ್ಲೆಯಲ್ಲಿ ಸಿದ್ದಾಪುರ ಮುಳುಗುವಷ್ಟು ನೆನೆದ ದಿನವೇ ಮುಂಡಗೋಡದವರು ಭತ್ತದ ಗದ್ದೆಗೆ ಮಳೆ ಬೇಕೆಂದು ಆಕಾಶ ನೋಡುತ್ತಿರಬಹುದು. ಎರಡು, ಇಸವಿ. ಕಳೆದ ಜುಲೈನ ರಜೆ ಆದೇಶ ಈ ಜುಲೈಗೆ ಮರುಹುಟ್ಟು ಪಡೆಯುವುದು ಪ್ರತಿವರ್ಷದ ಪವಾಡ. ಆ ಪವಾಡದ ಹಿಂದೆ ಏಳನೇ ತರಗತಿಯ ಕೈ ಇದೆಯೇ ಎಂದು ಮನೆಯಲ್ಲೇ ವಿಚಾರಿಸಿ. ಸಿಕ್ಕ ರಜೆಯನ್ನು ಮುಂದೆ ಶನಿವಾರದ ಮಧ್ಯಾಹ್ನಗಳಲ್ಲಿ ವಸೂಲು ಮಾಡಲಾಗುತ್ತದೆ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಇರುವುದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಯ ಮಕ್ಕಳು ರಜೆಯ ಸುದ್ದಿ ತಿಳಿಯಲು ಶಾಲೆಗೇ ನಡೆದು ಬರುತ್ತಾರೆ.

ಎರಡು ಮುಖ್ಯ ಗುಂಡಿಗಳು

ಈಗ, ಗ್ರೂಪನ್ನು ಬಂದ್ ಮಾಡಬಾರದು ಎಂದದ್ದೇಕೆ ಎಂಬುದಕ್ಕೆ. ಜಾತ್ರೆಯ ಫೋಟೊ, ಪ್ರತಿಭಾ ಕಾರಂಜಿಯ ಛದ್ಮವೇಷ, ಅಡಿಕೆ ದರ, ಕಳೆದುಹೋದ ಕೊಡೆ, ಇಷ್ಟರ ನಡುವೆ ವರ್ಷದಲ್ಲಿ ಮೂರೋ ನಾಲ್ಕೋ ಸೂಚನೆಗಳು ಮಗುವಿನ ಮುಂದಿನ ದಾರಿಯನ್ನೇ ಬದಲಿಸುವಂಥವು. ಅವು ಬರುವುದು ಮುಖ್ಯವಾಗಿ ಐದನೇ ತರಗತಿಯಲ್ಲಿ ಮತ್ತು ಎಂಟನೇ ತರಗತಿಯಲ್ಲಿ. ಉಳಿದ ವರ್ಷ ಬೇಕಾದರೆ ನಿದ್ದೆ ಮಾಡಿ, ಈ ಎರಡು ವರ್ಷ ಬೇಡ.

ಐದನೆಯದರಲ್ಲಿ ಮೊದಲು ಬರುವುದು ನವೋದಯ ವಿದ್ಯಾಲಯದ ಆರನೇ ತರಗತಿಗೆ ಅರ್ಜಿ, ಸಾಮಾನ್ಯವಾಗಿ ಮಳೆಗಾಲದಲ್ಲೇ, ರಜೆಯ ಗದ್ದಲದ ನಡುವೆ. ಉತ್ತರ ಕನ್ನಡದ ನವೋದಯ ಇರುವುದು ಮುಂಡಗೋಡದಲ್ಲಿ. ಎರಡು ಗಂಟೆಯ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಪ್ರಶ್ನೆಗಳು ಚಿತ್ರ ನೋಡಿ ತರ್ಕಿಸುವಂಥವು. ಶೇ. 75 ಸೀಟು ಹಳ್ಳಿಯ ಮಕ್ಕಳಿಗೆ ಮೀಸಲು, ಆದರೆ ಮೂರು, ನಾಲ್ಕು, ಐದನೆಯ ತರಗತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ‘ಚಲೋ ಶಾಲೆ’ ಎಂದು ನಾಲ್ಕನೆಯದಕ್ಕೆ ಪೇಟೆಗೆ ಸೇರಿಸಿದವರ ಮಕ್ಕಳು ಈ ಮೀಸಲಿನಿಂದ ಹೊರಗೆ. ಒಮ್ಮೆ ಬರೆದವರಿಗೆ ಎರಡನೇ ಅವಕಾಶವಿಲ್ಲ.

ಆಮೇಲೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳ ಆರನೇ ತರಗತಿಗೆ ಅರ್ಜಿ. ಈಚಿನ ವರ್ಷಗಳಲ್ಲಿ ಇದರ ಪ್ರವೇಶ ಪರೀಕ್ಷೆ ನಡೆಸುವುದು ಎಂಜಿನಿಯರಿಂಗ್ ಸೀಟಿಗೆ ಸಿಇಟಿ ನಡೆಸುವ ಪ್ರಾಧಿಕಾರವೇ. ಹತ್ತು ವರ್ಷದ ಮಗುವೂ ಹಾಲ್ ಟಿಕೆಟ್ ಹಿಡಿದು ಹೊರಡುತ್ತದೆ, ಜೊತೆಗೆ ಅದಕ್ಕಿಂತ ಹೆಚ್ಚು ಬೆವರುವ ಅಪ್ಪ. ಆದರ್ಶ ವಿದ್ಯಾಲಯದ ಅರ್ಜಿಯೂ ಐದನೆಯ ತರಗತಿಯವರಿಗೇ.

ಎಂಟನೆಯದರಲ್ಲಿ ಬರುವುದು ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ. ಹೆಸರು ಬಾಯಿಗೆ ಬರದಿದ್ದರೂ ಮೊತ್ತ ನೆನಪಿಡಿ: ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡನೆಯವರೆಗೆ, ಒಟ್ಟು 48,000. ಕೂಲಿಯ ಮನೆಯಲ್ಲಿ ಇದು ಹುಡುಗಿಯೊಬ್ಬಳು ಪಿಯು ಓದುವುದಕ್ಕೂ ಹತ್ತಕ್ಕೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಹೊಸದಾಗಿ ಕೊಡುವ ಯೋಜನೆ. ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಾಗಿರಬೇಕು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಏಳನೆಯದರಲ್ಲಿ ಶೇ. 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ರಿಯಾಯಿತಿ ಉಂಟು. ನವೋದಯಕ್ಕೂ ಸರ್ಕಾರದ ವಸತಿ ಶಾಲೆಗೂ ಹೋದವರಿಗೆ ಇದು ಸಿಗದು. ಅಂದರೆ ಐದನೆಯದರಲ್ಲಿ ತಪ್ಪಿದವರಿಗೆ ಎಂಟನೆಯದರಲ್ಲಿ ಇನ್ನೊಂದು ಬಾಗಿಲು ಇದೆ. ಆ ಬಾಗಿಲು ತೆರೆಯುವ ದಿನ ಗ್ರೂಪಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ನಡೆದಿರುತ್ತದೆ.

ಇಂಧನ

ಸಾಧನ ಕಾಗದದಿಂದ ಓಡುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಅದರ ಮೇಲಿನ ಆರ್‌ಡಿ ಸಂಖ್ಯೆ ಸಮೇತ, ಮಗುವಿನ ಸ್ಯಾಟ್ಸ್ ಸಂಖ್ಯೆ, ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಸೂಚನೆ ಬಂದ ಮೇಲೆ ಇವನ್ನು ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಮೇ ತಿಂಗಳಲ್ಲೇ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಡಿ.

ಹೆಸರಿನ ವಿಷಯದಲ್ಲಿ ಎಚ್ಚರ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ; ಇಲ್ಲಿ ಹೆಗಡೆ, ಅಲ್ಲಿ ಹೆಗ್ಡೆ. ಊರಿಗೆಲ್ಲ ಗೊತ್ತಿರುವ ಹುಡುಗ ಎಸ್‌ಎಸ್‌ಪಿ ತಂತ್ರಾಂಶಕ್ಕೆ ಇಬ್ಬರಾಗಿ ಕಾಣುತ್ತಾನೆ, ವಿದ್ಯಾರ್ಥಿವೇತನ ಇಬ್ಬರಿಗೂ ಬರುವುದಿಲ್ಲ. ಪಾಸ್‌ಬುಕ್ ಇದ್ದ ಮಾತ್ರಕ್ಕೆ ಹಣ ಜಮಾ ಆಗದು; ‘ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ?’ ಎಂದು ಬ್ಯಾಂಕಿನಲ್ಲಿ ಇದೇ ಮಾತಿನಲ್ಲಿ ಕೇಳಿ. ‘ಎಲ್ಲ ಸರಿ ಇದೆ’ ಎನ್ನುವುದು ಉತ್ತರವಲ್ಲ.

ಪದೇ ಪದೇ ಬರುವ ಪ್ರಶ್ನೆಗಳು

ಒಂದನೆಯದಕ್ಕೆ ವಯಸ್ಸೆಷ್ಟು? ಜೂನ್ 1ಕ್ಕೆ ಆರು ತುಂಬಿರಬೇಕು. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ದರು. ಆ ಸಲ ಪಕ್ಕದ ಮನೆಯ ಮಗುವನ್ನು ಸೇರಿಸಿಕೊಂಡರು ಎಂಬ ವಾದ ಮುಂದೆ ನಡೆಯದು.

ಸೈಕಲ್ಲು? 2006-07ರಲ್ಲಿ ಎಂಟನೆಯವರಿಗೆ ಕೊಡಲು ಶುರು ಮಾಡಿ ಕೋವಿಡ್ ಕಾಲದಲ್ಲಿ ನಿಲ್ಲಿಸಿದರು. ಆಗ ಪಡೆದ ಅಕ್ಕ-ಅಣ್ಣಂದಿರ ಸೈಕಲ್ಲು ಈಗ ಅಡಿಕೆ ಮೂಟೆ ಹೊರುತ್ತಿದೆ.

ಮೊಟ್ಟೆಯೋ ಬಾಳೆಹಣ್ಣೋ? ಮಗುವನ್ನು ಕೇಳಿ. ಗ್ರೂಪಿನಲ್ಲಿ ಕೇಳಬೇಡಿ.

ದುರಸ್ತಿ

ಸೂಚನೆ ತಡವಾಗಿ ಬಂದರೆ ಮಾಸ್ತರರನ್ನು ಬೈಯುವುದು ರೂಢಿ. ಅದರಿಂದ ಸಾಧನ ಸರಿಹೋಗದು. ಅವರಿಗೂ ಅದು ಹಿಂದಿನ ರಾತ್ರಿ ತಲುಪಿರುತ್ತದೆ. 2001ರಿಂದ ಈ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪಾಲಕರೇ ಆರಿಸುವ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಇದೆ. ಅದರ ಸಭೆ ಎಂದರೆ ಚಹಾ, ಅವಲಕ್ಕಿ, ಸಹಿ ಎಂದು ನಾವೇ ಮಾಡಿಕೊಂಡಿದ್ದೇವೆ. ಸಭೆಯಲ್ಲಿ ಒಂದೇ ಒಂದು ಠರಾವು ಮಾಡಿಸಿ: ಐದನೆಯ ಮತ್ತು ಎಂಟನೆಯ ತರಗತಿಯ ಅರ್ಜಿಗಳ ಕೊನೆಯ ದಿನಾಂಕವನ್ನು ಶಾಲೆಯ ಗೇಟಿನ ಹಲಗೆಯ ಮೇಲೆ, ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ‘ಉಲ್ಲೇಖ’ ಬೇಡ. ದಿನಾಂಕ ಸಾಕು.

ಅಲ್ಲಿಯವರೆಗೆ, ನಿಮ್ಮ ಕೇರಿಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಗು ಐದನೆಯದರಲ್ಲೋ ಎಂಟನೆಯದರಲ್ಲೋ ಇದ್ದರೆ, ಸೂಚನೆ ಬಂದ ದಿನವೇ ಆ ಮನೆಗೆ ಹೋಗಿ ಹೇಳಿ ಬನ್ನಿ.