ಸೊಂಟ ತೊಂಬತ್ತೆಂಟು

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ಎರಡು ಚರ್ಚೆ ಶುರುವಾಗುತ್ತವೆ. ದೀಪಾವಳಿ ಊಟ ಯಾರ ಮನೆಯಲ್ಲಿ ಎಂಬುದು ಒಂದು, ರಾಯರು ಈ ವರ್ಷ ಯಾವ ಸ್ಕೀ ಕೊಳ್ಳುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ಒಂದು ವಾರದಲ್ಲಿ ಇತ್ಯರ್ಥವಾಗುತ್ತದೆ. ಎರಡನೆಯದು ಹಿಮ ಕರಗುವವರೆಗೂ ನಡೆಯುತ್ತದೆ.

ರಾಯರು ಅಂದರೆ ಒಬ್ಬರಲ್ಲ. ಬೆಲ್‌ವ್ಯೂ, ರೆಡ್ಮಂಡ್, ಇಸಾಕ್ವಾ, ಎಲ್ಲಿ ನೋಡಿದರೂ ಬೀದಿಗೊಬ್ಬರು ಸಿಗುತ್ತಾರೆ. ಹುಟ್ಟಿದ್ದು ತಿಪಟೂರೋ ಅರಸೀಕೆರೆಯೋ, ವಯಸ್ಸು ನಲವತ್ತು ದಾಟಿದೆ, ಕೆಲಸ ಸಾಫ್ಟ್‌ವೇರಿನದು, ಹಿಮ ಮುಟ್ಟಿ ನೋಡಿದ್ದು ಎಂ.ಎಸ್. ಮಾಡಲು ಬಂದ ಮೇಲೆ. ಮಗನನ್ನು ಹತ್ತಿರದ ಸ್ನೊಕ್ವಾಲ್ಮಿ ಬೆಟ್ಟದ ಸ್ಕೀ ಕ್ಲಾಸಿಗೆ ಬಿಟ್ಟು ಲಾಡ್ಜಿನಲ್ಲಿ ಕೂತು ಕೂತು ಬೇಸರವಾಗಿ ತಾವೂ ಒಂದು ದಿನ ಬಾಡಿಗೆ ಸ್ಕೀ ಕಟ್ಟಿಕೊಂಡರು. ಈಗ ಯಾರಾದರೂ ಕೇಳಿದರೆ "ನಾನು ಅಡ್ವಾನ್ಸ್ಡ್ ಇಂಟರ್‌ಮೀಡಿಯಟ್" ಅನ್ನುತ್ತಾರೆ. ಬರೀ ಇಂಟರ್‌ಮೀಡಿಯಟ್ ಎಂದು ಒಪ್ಪಿಕೊಂಡ ಗಂಡಸನ್ನು ನಾನಿನ್ನೂ ನೋಡಿಲ್ಲ.

ಇಲ್ಲಿನ ಬೆಟ್ಟಗಳಲ್ಲಿ ಇಳಿಜಾರುಗಳಿಗೆ ಗುರುತು ಹಾಕಿರುತ್ತಾರೆ. ಕಲಿಯುವವರಿಗೆ ಹಸಿರು ವೃತ್ತ, ನುರಿತವರಿಗೆ ಕಪ್ಪು ವಜ್ರ, ನಡುವಿನವರಿಗೆ ನೀಲಿ ಚೌಕ. ರಾಯರು ನೀಲಿ ಚೌಕದ ಪ್ರಜೆ. ರಾತ್ರಿ ಯಂತ್ರ ಓಡಿಸಿ ಸಮ ಮಾಡಿಟ್ಟ ನೀಲಿ ಇಳಿಜಾರಿನಲ್ಲಿ, ಎದುರಿಗೆ ಮಕ್ಕಳ ಗುಂಪು ಬರದಿದ್ದರೆ, ಅವರು ನಿಜಕ್ಕೂ ಚೆನ್ನಾಗಿಯೇ ಇಳಿಯುತ್ತಾರೆ. ಒಮ್ಮೆ ಕಪ್ಪು ವಜ್ರವನ್ನೂ ಇಳಿದದ್ದುಂಟು. ಇಳಿದರು ಅನ್ನುವುದಕ್ಕಿಂತ, ಬೆಟ್ಟಕ್ಕೆ ಅಡ್ಡಲಾಗಿ ನಿಂತು ಏಡಿ ನಡಿಗೆಯಲ್ಲಿ ಜಾರಿಕೊಂಡು ಬಂದರು ಅನ್ನಬೇಕು. ಕೆಳಗೆ ತಲುಪಿ ಕನ್ನಡಕ ಒರೆಸಿಕೊಂಡು ಅವರಾಡಿದ ಮೊದಲ ಮಾತು: "ಈ ಬಾಡಿಗೆ ಸ್ಕೀ ನನಗೆ ಸಾಲದು ಕಣ್ರೀ."

ಅಲ್ಲಿಂದ ಸ್ಪ್ರೆಡ್‌ಶೀಟ್ ಹುಟ್ಟಿತು. ಉದ್ದ, ತೂಕ, ತಿರುವಿನ ರೇಡಿಯಸ್, ಒಳಗಿನ ಮರ ಯಾವುದು, ಲೋಹದ ಹಾಳೆ ಎಷ್ಟು, ಎಲ್ಲಕ್ಕೂ ಒಂದೊಂದು ಕಾಲಂ. ಟೈಟನಾಲ್ ಹಾಳೆ ಇರುವ ಸ್ಕೀಯೇ ಬೇಕೆಂದು ಬಹಳ ದಿನ ಹಟ ಹಿಡಿದಿದ್ದರು; ಅದರಲ್ಲಿ ಟೈಟೇನಿಯಂ ಇದೆ ಎಂದು ಅವರ ನಂಬಿಕೆ. ಅದು ಹೆಚ್ಚೂಕಡಿಮೆ ಪೂರ್ತಿ ಅಲ್ಯೂಮಿನಿಯಂ ಎಂದು ಮಗ ಹೇಳಿದ ಮೇಲೆ ಆ ಕಾಲಂ ಸದ್ದಿಲ್ಲದೆ ಬಲಗಡೆಗೆ ಸರಿಯಿತು. ಸಂಬಳದ ಕೆಲಸದಲ್ಲಿ ಇಷ್ಟು ಶ್ರದ್ಧೆ ತೋರಿದ್ದರೆ ಇಷ್ಟು ಹೊತ್ತಿಗೆ ಡೈರೆಕ್ಟರ್ ಆಗಿರುತ್ತಿದ್ದರು ಎಂದು ಅವರ ಮನೆಯವರೇ ಹೇಳುತ್ತಾರೆ.

ಎಲ್ಲ ಕಾಲಮ್ಮುಗಳ ರಾಜ ಎಂದರೆ ಸೊಂಟ. ಬೂಟು ನಿಲ್ಲುವ ಜಾಗದಲ್ಲಿ ಸ್ಕೀ ಎಷ್ಟು ಅಗಲವಿದೆ ಎಂಬ ಅಳತೆ ಇದು, ಮಿಲಿಮೀಟರಿನಲ್ಲಿ. ದೀಪಾವಳಿ ಊಟಕ್ಕೆ ಎದುರು ಕೂತ ಹೊಸ ದಂಪತಿಯನ್ನು ರಾಯರು "ನಿಮ್ಮದು ಸೊಂಟ ಎಷ್ಟು?" ಎಂದು ಕೇಳಿಬಿಟ್ಟು, ಆ ಹುಡುಗಿ ಕೈಲಿದ್ದ ತುತ್ತು ಕೆಳಗಿಟ್ಟದ್ದನ್ನು ನಾನು ಕಂಡಿದ್ದೇನೆ. "ನನ್ನದು ತೊಂಬತ್ತೆಂಟು ಅಂತ ಹೆಚ್ಚುಕಮ್ಮಿ ತೀರ್ಮಾನ ಆಗಿದೆ" ಎಂದು ಅವರೇ ಮುಂದುವರಿಸಿದರು. "ಸೆಂಟಿಮೀಟರಾದರೆ ಈಗಾಗಲೇ ಇದೆ" ಎಂದು ಮನೆಯವರು ಸಾರು ಬಡಿಸುತ್ತ ಹೇಳಿದರು.

ಲೆಕ್ಕವೇನೋ ಸರಿಯೇ. 90ಕ್ಕಿಂತ ಕಡಿಮೆ ಸೊಂಟದ ಸ್ಕೀ ಗಟ್ಟಿ ಹಿಮದಲ್ಲಿ ಚುರುಕು. 90ರಿಂದ 100ರ ಆಸುಪಾಸಿನದು ಆಲ್ ಮೌಂಟನ್, ಅಂದರೆ ಬೆಟ್ಟದ ಯಾವ ಮೂಲೆಗಾದರೂ ಒಂದು ಮಟ್ಟಿಗೆ ಸೈ. 106, 110 ದಾಟಿದರೆ ಪೌಡರ್ ಸ್ಕೀ, ಆಗಷ್ಟೇ ಬಿದ್ದ ಮೆತ್ತನೆಯ ಹಿಮದಲ್ಲಿ ಮುಳುಗದೆ ತೇಲುವುದಕ್ಕೆ. ಆದರೆ ರಾಯರು ಅಲ್ಲಿಗೆ ನಿಲ್ಲಿಸುವವರಲ್ಲ. ಪಾಯಸ ಬರುವಷ್ಟರಲ್ಲಿ ಪುರಾಣ ಶುರುವಾಗುತ್ತದೆ. 1984ರ ಸರಾಯೆವೊ ಒಲಿಂಪಿಕ್ಸಿನ ಸ್ಲಾಲಂನಲ್ಲಿ ಚಿನ್ನ ಗೆದ್ದ ಫಿಲ್ ಮಾರ್, ಬೆಳ್ಳಿ ಗೆದ್ದ ಸ್ಟೀವ್ ಮಾರ್, ಈ ಅವಳಿ ಸೋದರರು ನಮ್ಮ ವಾಷಿಂಗ್ಟನ್ ರಾಜ್ಯದವರೇ. ಅವರ ಕಾಲಲ್ಲಿದ್ದ ಕೆ2 ಸ್ಕೀ ಹುಟ್ಟಿದ್ದೂ ಸಿಯಾಟಲ್ ಎದುರಿನ ವಾಶೋನ್ ದ್ವೀಪದಲ್ಲೇ. ಆಗಿನ ಸ್ಕೀಗಳು ಆಳೆತ್ತರ ಮೀರಿದವು, ಪಟ್ಟಿಯಂತೆ ನೇರ, ಸೊಂಟ 70 ಕೂಡ ಇರುತ್ತಿರಲಿಲ್ಲ. 1993ರಲ್ಲಿ ಸ್ಲೊವೇನಿಯಾದ ಇಲಾನ್ ಕಂಪನಿ ತುದಿ ಅಗಲ, ನಡು ಸಣ್ಣ ಮಾಡಿ ಎಸ್‌ಸಿಎಕ್ಸ್ ತಂದಿತು; ತಿರುಗುವುದು ಸಲೀಸಾಯಿತು. ಆಮೇಲೆ ಶೇನ್ ಮಕಾಂಕಿ ಎಂಬ ಮಹಾ ಕಿಲಾಡಿ, ಆಳ ಹಿಮ ಎಂದರೆ ನೀರೇ ಅಲ್ಲವೇ, ಅದಕ್ಕೆ ದೋಣಿಯ ತಳವೇ ಸರಿ ಎಂದು ವಾದಿಸಿ, ಎರಡೂ ತುದಿ ಮೇಲೆದ್ದ ಸ್ಪಾಚುಲಾ ಎಂಬ ಸ್ಕೀಯನ್ನು 2002ರಲ್ಲಿ ವೊಲಾಂಟ್ ಕಂಪನಿಯಿಂದ ಮಾಡಿಸಿದ.

ತುದಿ ಮೇಲೇಳುವುದು ಎಂದರೇನು ಎಂದು ಯಾರೂ ಕೇಳಬಾರದಿತ್ತು. ಪಕ್ಕದವರು ಕೇಳಿದರು. ರಾಯರು ತಮ್ಮ ಕಾಗದದ ತಟ್ಟೆಯನ್ನು ಎತ್ತಿಕೊಂಡರು. "ನೋಡಿ, ನಡು ಮೇಲೆ ಉಬ್ಬಿದ್ದರೆ ಕ್ಯಾಂಬರ್. ನೀವು ನಿಂತಾಗ ಅದು ಒತ್ತಿಕೊಂಡು ಅಂಚೆಲ್ಲ ಹಿಮಕ್ಕೆ ಕಚ್ಚುತ್ತೆ. ತಿರುಗಿಸಿ ಹೀಗೆ ತುದಿ ಎತ್ತಿದರೆ ರಾಕರ್." ಎತ್ತಿದ ತುದಿಯಿಂದ ಉಳಿದಿದ್ದ ಹುಳಿ ಸೀದಾ ಪಕ್ಕದವರ ಮೈಸೂರು ಸಿಲ್ಕಿನ ಮೇಲೆ ಇಳಿಯಿತು. ರಾಕರಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಊರಿಂದ ಬಂದಿದ್ದ ಅವರ ತಾಯಿ ಇದನ್ನೆಲ್ಲ ಕೇಳಿ, ಬೆಲೆಯನ್ನೂ ರೂಪಾಯಿಗೆ ಪರಿವರ್ತಿಸಿಕೊಂಡು, "ಜಾರೋಕೆ ಇಷ್ಟು ದುಡ್ಡು ಕೊಡ್ಬೇಕೇನೋ? ನಮ್ಮನೆ ಬಚ್ಚಲಲ್ಲಿ ಪುಕ್ಕಟೆ ಜಾರ್ತಿದ್ದೆಯಲ್ಲೋ!" ಅಂದರು.

ಅಂಗಡಿಗೆ ಹೋದ ದಿನ ನಾನೂ ಜೊತೆಗಿದ್ದೆ. ಅಲ್ಲಿನ ಬೂಟು ಅಳೆಯುವ ಹುಡುಗಿ ರಾಯರ ಸ್ಪ್ರೆಡ್‌ಶೀಟಿನ ಕಡೆ ನೋಡಲೇ ಇಲ್ಲ. ಅವರ ಹಳೆಯ ಬೂಟಿನ ಒಳಚೀಲ ತೆಗೆದು, ಬರೀ ಚಿಪ್ಪಿನೊಳಗೆ ಕಾಲಿಡಿಸಿ, ಬೆರಳು ಮುಂದಕ್ಕೆ ತಾಗಿಸಿ, ಹಿಮ್ಮಡಿಯ ಹಿಂದೆ ತನ್ನ ಬೆರಳು ತೂರಿಸಿದಳು. ಎರಡು ಬೆರಳು ಸಾಲದೆ ಮೂರನೆಯದೂ ಹೋಯಿತು. ರಾಯರು 28.5 ಅಳತೆ ಹಾಕುತ್ತಿದ್ದರು, ಪಾದ 26.5. "ನೀವು ಬೂಟಿನೊಳಗೆ ಓಡಾಡುತ್ತಿದ್ದೀರಿ. ಸ್ಕೀಗೆ ನಿಮ್ಮ ಮಾತು ಕೇಳಿಸುವುದೇ ಇಲ್ಲ. ಮೊದಲು ಬೂಟು ಕೊಳ್ಳಿ" ಅಂದಳು. 26.5 ಹಾಕಿಸಿದಾಗ ರಾಯರು ಬಾಲ್ಯದ ಮೇಷ್ಟರನ್ನು ನೆನೆದುಕೊಂಡಂತೆ ಕೂಗಿದರು. ನೇರ ನಿಂತಾಗ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು, ಅದೇ ಸರಿಯಾದ ಬೂಟು ಎಂದು ಅವಳು ಎಷ್ಟು ಹೇಳಿದರೂ ಇವರು ಒಪ್ಪಲಿಲ್ಲ. "ಬೂಟು ಮುಂದಿನ ವರ್ಷ ನೋಡೋಣ" ಎಂದು, ಆ ದುಡ್ಡನ್ನು ಇನ್ನೊಂದು ಜೊತೆ ಸ್ಕೀಗೆ ತಿರುಗಿಸಿದರು. ಆಲ್ ಮೌಂಟನ್ 98, ಪೌಡರ್ 112. ಬತ್ತಳಿಕೆಯಲ್ಲಿ ಒಂದೇ ಬಾಣ ಇದ್ದರೆ ಸಾಲದಂತೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರಿಸುವ ಮುಂಚೆ ಒಂದು ಫಾರಂ ತುಂಬಬೇಕು. ಬಿದ್ದಾಗ ಬೂಟು ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕು ಎಂಬ ಸಂಖ್ಯೆಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಇಷ್ಟರ ಮೇಲೆ ತೆಗೆಯುತ್ತಾರೆ. ಸಂಖ್ಯೆ ಹೆಚ್ಚಾದರೆ ಬೂಟು ಕಳಚುವುದಿಲ್ಲ, ಮಂಡಿ ಕಳಚುತ್ತದೆ. ಕಡಿಮೆಯಾದರೆ ಓಡುವಾಗಲೇ ಸ್ಕೀ ಬಿಟ್ಟುಹೋಗುತ್ತದೆ. ಕೊನೆಗೆ, ನೀವು ಎಂಥ ಸ್ಕೀಯರ್ ಎಂದು ನೀವೇ ಬರೆಯಬೇಕು: ಒಂದು ಎಂದರೆ ಹುಷಾರಿನವರು, ಎರಡು ಎಂದರೆ ಮಧ್ಯಮ, ಮೂರು ಎಂದರೆ ಜೋರಿನವರು. ರಾಯರು ಅತ್ತಿತ್ತ ನೋಡಿ ಮೂರು ಎಂದು ಬರೆದರು. ತೂಕದ ಜಾಗದಲ್ಲಿ ಮದುವೆ ಕಾಲದ ತೂಕ ಬರೆದರು. ಮೊದಲ ಸುಳ್ಳು ಸಂಖ್ಯೆಯನ್ನು ಏರಿಸಿತು, ಎರಡನೆಯದು ಇಳಿಸಿತು, ಕೊನೆಗೆ ನಿಜ ಹೇಳಿದ್ದರೆ ಎಲ್ಲಿಗೆ ಬರುತ್ತಿತ್ತೋ ಸುಮಾರಾಗಿ ಅಲ್ಲಿಗೇ ಬಂದು ನಿಂತಿತು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. ಆ ಫಾರಮ್ಮಿನಲ್ಲಿ ಮಾತ್ರ ನಿಜ ಬರೆಯಿರಿ.

ಇನ್ನು ಪೌಡರ್ ವಿಷಯ. ಹಿಮಕ್ಕೇನೂ ನಮ್ಮಲ್ಲಿ ಬರವಿಲ್ಲ. ಇದೇ ರಾಜ್ಯದ ಮೌಂಟ್ ಬೇಕರಿನಲ್ಲಿ 1998-99ರ ಚಳಿಗಾಲ 1,140 ಇಂಚು ಹಿಮ ಬಿದ್ದು ವಿಶ್ವದಾಖಲೆಯಾಯಿತು, ಅಂದರೆ 95 ಅಡಿ. ಆದರೆ ಯೂಟಾದ ಒಣ ಹಿಮ ಬೇರೆ, ಪೆಸಿಫಿಕ್ ಸಾಗರದ ತೇವ ಹೊತ್ತು ಬರುವ ನಮ್ಮ ಹಿಮ ಬೇರೆ. ಇಲ್ಲಿನವರು ಬೆಟ್ಟಸಾಲಿನ ಹೆಸರು ಸೇರಿಸಿ ಅದನ್ನು ಕ್ಯಾಸ್ಕೇಡ್ ಕಾಂಕ್ರೀಟ್ ಎಂದೇ ಕರೆಯುತ್ತಾರೆ. ಅದರ ಮೇಲೆ ಸ್ನೊಕ್ವಾಲ್ಮಿ ಕಣಿವೆಯ ಎತ್ತರ ಕೇವಲ 3,000 ಅಡಿ. ಬೆಳಗ್ಗೆ ಹಿಮ ಬಿದ್ದ ಜಾಗದಲ್ಲಿ ಮಧ್ಯಾಹ್ನ ಮಳೆ ಸುರಿಯುವುದು ಮಾಮೂಲು. ಹಾಗೆಂದು ಅಗಲದ ಸ್ಕೀ ದಂಡ ಅಂತಲ್ಲ. ಭಾರದ ಹಿಮದಲ್ಲೂ ಅದು ಮೇಲೆತ್ತಿ ಹಿಡಿಯುತ್ತದೆ, ಬಲ್ಲವರ ಕಾಲಲ್ಲಿ ನೋಡಲು ಸೊಗಸು. ನೀಲಿ ಚೌಕದವರಿಗೆ ಅಂಥ ದಿನ ಎಷ್ಟು ಸಿಗುತ್ತವೆ ಎಂಬುದಷ್ಟೇ ಪ್ರಶ್ನೆ.

ರಾಯರಿಗೆ ಸಿಕ್ಕಿತು. ಜನವರಿಯ ಒಂದು ಶನಿವಾರ, ಸ್ಟೀವನ್ಸ್ ಪಾಸಿನಲ್ಲಿ ಮೊಣಕಾಲುದ್ದ ಹೊಸ ಹಿಮ. ನಸುಕಿನಲ್ಲೇ ಪುಳಿಯೋಗರೆ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೊರಟರು. ಮೊದಲ ನಾಲ್ಕು ತಿರುವು ಅದ್ಭುತ ಎಂದು ಮಗ ಸಾಕ್ಷಿ ಹೇಳುತ್ತಾನೆ. ಐದನೆಯದಕ್ಕೆ ಹೆದರಿಕೆಯಾಗಿ ಹಿಂದಕ್ಕೆ ವಾಲಿದರು. ಆಳ ಹಿಮದಲ್ಲಿ ಹಿಂದೆ ವಾಲಬೇಕು ಎಂದು ಯಾರೋ ಹಳಬರು ಹೇಳಿಕೊಟ್ಟಿದ್ದರಂತೆ. ಅದು ತಪ್ಪು: ಎರಡೂ ಪಾದದ ನಡುಮಧ್ಯ ನಿಂತು, ಎರಡರ ಮೇಲೂ ಸಮನಾಗಿ ಭಾರ ಹಾಕಬೇಕು. ಹಿಂದೆ ವಾಲಿದರೆ ತುದಿಗಳು ತಮ್ಮ ಪಾಡಿಗೆ ತಾವು ಹೋಗುತ್ತವೆ, ತೊಡೆ ಉರಿಯುತ್ತದೆ. ಬಿದ್ದರು. ಒಂದು ಸ್ಕೀ ಕಾಲಲ್ಲಿತ್ತು. ಇನ್ನೊಂದು ಹಿಮದೊಳಗೆ ಎಲ್ಲೋ.

ಸ್ಕೀಯ ಬಣ್ಣ ಬಿಳಿ. ಸ್ಪ್ರೆಡ್‌ಶೀಟಿನಲ್ಲಿ ಬಣ್ಣಕ್ಕೆ ಕಾಲಂ ಇರಲಿಲ್ಲ.

ಬಿದ್ದಲ್ಲಿ ಕೆದಕಿದರು, ಕೆಳಗಡೆ ಕೆದಕಿದರು, ಕೋಲಿನಿಂದ ಚುಚ್ಚಿದರು. ಸ್ಕೀ ಕಳಚಿದ ಕಡೆಯೇ ನಿಲ್ಲುತ್ತದೆ, ಉರುಳಿಕೊಂಡು ಮುಂದೆ ಹೋಗುವುದು ಮನುಷ್ಯ; ಹಾಗಾಗಿ ಬಿದ್ದ ಜಾಗಕ್ಕಿಂತ ಮೇಲೆ ಹುಡುಕಬೇಕು. ಇದನ್ನು ಹನ್ನೆರಡು ವರ್ಷದ ಮಗ ಬಂದು ಹೇಳಿ, ಉಳಿದ ಸ್ಕೀಯ ಬಾಲದಿಂದ ಹಿಮವನ್ನು ಅಡ್ಡಡ್ಡ ಸೀಳುತ್ತ ಹುಡುಕಿ ತೆಗೆಯುವಷ್ಟರಲ್ಲಿ ಹನ್ನೊಂದು ಗಂಟೆ. ಇಡೀ ಬೆಟ್ಟವನ್ನು ಜನ ಉತ್ತುಹಾಕಿದ್ದರು. ಪೌಡರ್ ಡೇ ಅನ್ನುವುದು ಡೇ ಅಲ್ಲ, ಎರಡು ಮೂರು ತಾಸು.

ಕೊಟ್ಟ ದುಡ್ಡು ದಕ್ಕಬೇಕಲ್ಲ. ಅಂದಿನಿಂದ ಅವರು ಸ್ನೊಕ್ವಾಲ್ಮಿಯ ರಾತ್ರಿ ದೀಪದ ಕೆಳಗೆ, ಮಳೆ ಬಂದು ಹೆಪ್ಪುಗಟ್ಟಿದ ನೀಲಿ ಇಳಿಜಾರಿನಲ್ಲೂ 112ನ್ನೇ ಹಾಕತೊಡಗಿದರು. ಅಗಲದ ಸ್ಕೀಯಲ್ಲಿ ಅಂಚು ಪಾದದಿಂದ ದೂರವಿರುತ್ತದೆ. ಅದನ್ನು ವಾಲಿಸಿ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸಲು ಕಣಕಾಲು, ಮಂಡಿ ಎರಡೂ ದುಡಿಯಬೇಕು. ಸಡಿಲ ಬೂಟು ಬೇರೆ. ಗಟ್ಟಿ ಹಿಮದ ಮೇಲೆ ಕರಕರ ಸದ್ದು ಮಾಡುತ್ತ ಅವರು ಇಳಿಯುತ್ತಿದ್ದರೆ, ಪಕ್ಕದಲ್ಲಿ ಬಾಡಿಗೆ ಸ್ಕೀಯ ಮೇಲೆ ಸರಾಗವಾಗಿ ಸುತ್ತಿಕೊಂಡು ಅವರ ಮನೆಯವರು ದಾಟಿ ಹೋದರು. ಆಕೆ ಸ್ಕೀ ಬಗ್ಗೆ ಏನೂ ಓದಿದವರಲ್ಲ. ಕಾಲಿಗೆ ಸರಿಯಾದ ಬೂಟು ತೆಗೆದುಕೊಂಡು ಪ್ರತಿ ವಾರ ಕ್ಲಾಸಿಗೆ ಹೋಗಿದ್ದರು, ಅಷ್ಟೇ. "ರೀ, ನಿಮ್ಮ ಸೊಂಟ ಜಾಸ್ತಿಯಾಯ್ತು" ಎಂದು ಕೂಗಿದ್ದು ಲಿಫ್ಟಿನವರೆಗೂ ಕೇಳಿಸಿತು.

ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನೀಲಿ ಚೌಕದವರಿಗೆ 90ರಿಂದ 98ರ ಒಳಗಿನ, ತೀರಾ ಬಿಗಿಯಲ್ಲದ, ಗದ್ದ ಮತ್ತು ಹಣೆಯ ನಡುವೆ ಎಲ್ಲೋ ಬರುವಷ್ಟು ಉದ್ದದ ಒಂದು ಜೊತೆ ಸ್ಕೀ ಸಾಕು. ಉಳಿದ ದುಡ್ಡು ಮೊದಲು ಬೂಟಿಗೆ, ಆಮೇಲೆ ಕ್ಲಾಸಿಗೆ. ಹಿಮ ಸುರಿದ ದಿನ ಅಗಲದ್ದನ್ನು ಅಂಗಡಿಯಿಂದ ಬಾಡಿಗೆಗೆ ತನ್ನಿ, ಸಂಜೆ ವಾಪಸ್ ಕೊಟ್ಟುಬಿಡಿ.

ರಾಯರು ಕಡೆಗೂ 26.5ರ ಬೂಟು ತೆಗೆದುಕೊಂಡರು. ಅಟ್ಟೆ ಎರಡು ಸೆಂಟಿಮೀಟರ್ ಗಿಡ್ಡವಾಗಿ ಹಳೆಯ ಬೈಂಡಿಂಗಿಗೆ ಕೂರುತ್ತಿಲ್ಲ. 98ಕ್ಕೆ ಹೊಸದಾಗಿ ತೂತು ಕೊರೆಸಿದ್ದಾಯಿತು. 112 ಗ್ಯಾರೇಜಿನ ಗೋಡೆಗೆ ಒರಗಿದೆ. ಬಿಳಿ ಬಣ್ಣ, ಅಂಚು ಸ್ವಲ್ಪ ಮೊಂಡಾಗಿದೆ, ಬೈಂಡಿಂಗ್ 327 ಮಿಲಿಮೀಟರ್ ಅಟ್ಟೆಗೆ ಕೊರೆದದ್ದು. ದೊಡ್ಡ ಪಾದದವರು ಯಾರಾದರೂ ಇದ್ದರೆ ದಯವಿಟ್ಟು ಬಂದು ನೋಡಿ. ಕೊಂಡ ಬೆಲೆಯನ್ನು ಮಾತ್ರ ಅವರ ಮನೆಯವರ ಎದುರು ಕೇಳಬೇಡಿ.