ಕೊಟ್ಟೂರು ದಾಟಿದರೆ ಆಫ್ರಿಕಾ

ಸೆನೆಗಲ್ ಸಫಾರಿಗೆ ದುಡ್ಡಿಲ್ಲದವನು ಒಂದು ಸಿದ್ಧಾಂತವನ್ನಾದರೂ ಹುಡುಕಿಕೊಳ್ಳಬೇಕು. ನನಗೆ ಬೇಗನೇ ಸಿಕ್ಕಿತು. ನಮ್ಮ ಸೋದರಳಿಯ ದಕಾರ್ ಹತ್ತಿರದ ಬಂದಿಯಾ ಕಾಡಿನಿಂದ ಫೋಟೊ ಕಳಿಸಿದ್ದನಲ್ಲ, ಅಲ್ಲಿಯ ಜಿರಾಫೆ, ಘೇಂಡಾಮೃಗಗಳೆಲ್ಲ ದಕ್ಷಿಣ ಆಫ್ರಿಕಾದಿಂದ ತಂದು ಬಿಟ್ಟವು. ಇನ್ನು ಲೊಂಪೂಲ್ ಮರಳುಗಾಡು! ನಮ್ಮೂರು ಬಾಗಳಿಯಲ್ಲಿ ಬೇಸಿಗೆ ಕಳೆದವನಿಗೆ ಅದೇನು ಹೊಸದಾಗಿ ಬಿಸಿಲು ತೋರಿಸೀತು? ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಗಳಾದರೋ ಅಪ್ಪಟ ಊರಿನವು. 2013ರಲ್ಲಿ ಅವುಗಳ ಹೆಸರಿನಲ್ಲೇ ಧಾಮವಾಯಿತು. ಹರಪನಹಳ್ಳಿಗೆ ಹೋಗಿ ಕೊಟ್ಟೂರು ದಾಟಿದರೆ ಆಫ್ರಿಕಾ ಬಂದಂತೆಯೇ ಎಂದು ಹೆಂಡತಿಗೆ ತಿಳಿಹೇಳಿದೆ.

ಬಟ್ಟೆಗಿಂತ ಜೇಬೇ ಹೆಚ್ಚಿರುವ ಖಾಕಿ ಜಾಕೀಟು, ಅಗಲ ಟೋಪಿ, ಕೊರಳಲ್ಲಿ ಕೊಟ್ಟೂರು ಜಾತ್ರೆಯಲ್ಲಿ ಮೊಮ್ಮಗನಿಗೆ ಕೊಡಿಸಿದ್ದ ದುರ್ಬೀನು. ಅದರ ಗಾಜು ಕೆಂಪು ಪ್ಲಾಸ್ಟಿಕ್ಕು. ಇರಲಿ, ಕರಡಿ ಹೇಗೂ ಕಪ್ಪು.

"ಶೂಟಿಂಗ್ ಎಲ್ಲೈತ್ರೀ ಸರ?" ಎಂದ ಕಂಡಕ್ಟರ್.

ಗುಡೇಕೋಟೆ ಬಂಡೆಗುಡ್ಡಗಳ ಅಂಚಿನ ಹೊಲದ ದಾರಿಯಲ್ಲಿ ನಾನು ಟೀವಿಯಲ್ಲಿ ಕಂಡ ಹಾಗೆ ಬಾಗಿ, ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ನಡೆಯತೊಡಗಿದೆ. ಹೆಂಡತಿ ಕೆಮ್ಮಿದರೂ 'ಶ್' ಎನ್ನುತ್ತಿದ್ದೆ. ಕಂಬಳಿ ಹೊದ್ದ ಕುರಿಗಾಹಿಯೊಬ್ಬ ನಿಂತು ನೋಡಿದ.

"ಯಾಕ್ರೀ ಯಜಮಾನ್ರ, ಸೊಂಟ ಹಿಡಕಂಡೈತೇನು?"

ಸಫಾರಿ ಎಂದೆ, ಪಿಸುಮಾತಿನಲ್ಲಿ.

"ರೊಕ್ಕಾ ಖರ್ಚು ಮಾಡಿ ಕರಡಿ ನೋಡಾಕ ಬಂದೀರಾ? ನಾವು ರಾತ್ರಿಯೆಲ್ಲ ಶೇಂಗಾ ಹೊಲದಾಗ ಅದು ಬರಬಾರದು ಅಂತ ಕುಂತಿರ್ತೀವಿ! ಮೊದ್ಲು ಜೋರಾಗಿ ಮಾತಾಡ್ರಿ. ಸುಮ್ಕ ಹೋಗಿ ಎದುರಿಗೆ ನಿಂತ್ರ ಅದು ಗಾಬರ್ಯಾಗಿ ಮೈಮ್ಯಾಲ ಬರ್ತೈತಿ."

ಮೂಗಿನ ಹೊಳ್ಳೆ ಮುಚ್ಚಿ, ಮೇಲಿನ ಎರಡು ಮುಂಬಲ್ಲಿಲ್ಲದ ಸಂದಿಯಿಂದ ಗೆದ್ದಲು ಹೀರುವ ಪ್ರಾಣಿ ಅದು. ಆ ಸದ್ದಿನ ಭರದಲ್ಲಿ ನಮ್ಮ ಹೆಜ್ಜೆ ಅದಕ್ಕೆ ಕೇಳಿಸಬೇಕಲ್ಲ. ಹುಟ್ಟಿದಾಗಿನಿಂದ 'ಬಾಯಿ ಮುಚ್ಚು' ಎಂದೇ ಕೇಳಿಸಿಕೊಂಡ ನಾನು ಒಂದು ದಿನ ಮುಚ್ಚಿದ್ದೆ, ಅದೂ ಪ್ರಾಣಕ್ಕೆ ಎರವಾಗುವಲ್ಲಿ!

ಅಷ್ಟರಲ್ಲಿ ಬಂಡೆಯಾಚೆ 'ಗೊರ್ರ್... ಹುಸ್ಸ್' ಎಂಬ ಸದ್ದು. ಕುರಿಗಾಹಿ ಕೋಲು ಬಡಿದು ಕೂಗು ಹಾಕಿದ. ನಾನೂ ಕೂಗಿದೆ. ಏನು ಕೂಗಿದೆನೆಂದರೆ ನಮ್ಮೂರ ಕಲ್ಲೇಶ್ವರ, ಕೊಟ್ಟೂರೇಶ್ವರ, ಕಡೆಗೆ ಹೆಂಡತಿಯ ಹೆಸರು. ಪೊದೆ ಅಲುಗಿ, ಧೂಳು ಮೆತ್ತಿದ ಕರಿ ಕೂದಲಿನ ಹಿಂಭಾಗವೊಂದು ಆಚೆ ದಿಬ್ಬ ಹತ್ತಿ ಮರೆಯಾಯಿತು. ಮುಖ ತೋರಿಸುವಷ್ಟು ಗೌರವ ನನಗೆ ಸಲ್ಲಲಿಲ್ಲ. ಫೋಟೊ ತೆಗೆಯಬೇಕಿದ್ದ ಮೊಬೈಲು ಯಾವ ಜೇಬಿನಲ್ಲಿದೆಯೆಂದು ನಾನಿನ್ನೂ ತಡಕುತ್ತಿದ್ದೆ.

ಮರುದಿನ ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದ ಪಕ್ಷಿಧಾಮ. ಸೆನೆಗಲ್‌ನ ಜೂಜ್ ಪಕ್ಷಿಧಾಮವೂ ಅದೇ ಪಟ್ಟಿಯಲ್ಲಿದೆ, ಅಲ್ಲಿ ರಾಜಹಂಸಗಳಿವೆ. ಇಲ್ಲಿ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ತುಂಬಿದ್ದವು. ದುರ್ಬೀನು ಕಣ್ಣಿಗೆ ಹಿಡಿದವನೇ ಚೀರಿದೆ: "ರಾಜಹಂಸ! ಇಡೀ ಕೆರೆ ರಾಜಹಂಸ!"

ಹೆಂಡತಿ ಅದನ್ನು ಕಸಿದುಕೊಂಡು ಏರಿಯ ಕಡೆ ತಿರುಗಿಸಿ ನೋಡಿದಳು.

"ಹೌದ್ರೀ, ಅಲ್ಲಿ ಮೂರು ರಾಜಹಂಸ ಮೇಯಾಕತ್ತಾವ. ಒಂದು ಈಗ ಸಗಣಿ ಹಾಕ್ತು ನೋಡ್ರಿ."