ಬೆನ್ನಿನ ಖಾಯಂ ನೌಕರರು

ನನ್ನ ಬೆನ್ನನ್ನು ದರ್ಜಿ ನೋಡಿದ್ದಾನೆ, ಕ್ಷೌರದ ಅಂಗಡಿಯವನು ನೋಡಿದ್ದಾನೆ, ಬಸ್ಸಿನಲ್ಲಿ ಹಿಂದಿನ ಸೀಟಿನವರು ಬೇಡವೆಂದರೂ ನೋಡಿದ್ದಾರೆ. ಮಾಲೀಕನಿಗೆ ಮಾತ್ರ ಅದರ ದರ್ಶನವಿಲ್ಲ. ಅಲ್ಲಿ ಯಾರು ಯಾರು ಕೆಲಸಕ್ಕಿದ್ದಾರೆ ಎಂಬ ವಿಚಾರಣೆ ಶುರುವಾದದ್ದು ಬಚ್ಚಲುಮನೆಯಲ್ಲಿ ಜಾರಿದ ಸೋಪಿಗಾಗಿ ಬಗ್ಗಿ, ಸೊಂಟ ಹಿಡಿದುಕೊಂಡ ಮೇಲೆ.

ಸೊಂಟ ಹಿಡಿದರೆ ನಮ್ಮಲ್ಲಿ ಔಷಧಕ್ಕಿಂತ ಮೊದಲು ಸಲಹೆ ಬರುತ್ತದೆ. ಅಮ್ಮ ಉಪ್ಪಿನ ಶಾಖ ಎಂದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದರು ಪಕ್ಕದ ಮನೆಯವರು. ಒದೆಯಲು ಮುಂದೆ ಬಂದವರು ಬಹಳ ಜನ; ಅವರಲ್ಲಿ ಕಾಲು ಮುಂದಾಗಿ ಹುಟ್ಟಿದವರು ಒಬ್ಬರೂ ಇರಲಿಲ್ಲ.

ಕೊನೆಗೆ ಫಿಸಿಯೋಥೆರಪಿಯ ಹುಡುಗಿ ಗೋಡೆಯ ಮೇಲಿನ ಚಿತ್ರಪಟದ ಎದುರು ನಿಲ್ಲಿಸಿ ಹೇಳಿದಳು: “ಬೆನ್ನ ಮೇಲೆ ಕಾಣೋದೆಲ್ಲ ಬೆನ್ನಿಗೆ ಸೇರಿದ್ದಲ್ಲ ಅಂಕಲ್.”

ನೋಡಿದರೆ ನಿಜ. ನಮ್ಮ ಬೆನ್ನೆಂಬ ಕಚೇರಿಯಲ್ಲಿ ಮುಂದಿನ ಮೇಜುಗಳಲ್ಲಿ ಕೂತವರೆಲ್ಲ ಡೆಪ್ಯುಟೇಷನ್ ಮೇಲೆ ಬಂದವರು. ಅವರು ದುಡಿಯುವುದು ಹೆಗಲು, ತೋಳುಗಳ ಇಲಾಖೆಗೆ. ತಲೆಬುರುಡೆಯ ಹಿಂಭಾಗದಿಂದ ಎದೆಭಾಗದ ಕೊನೆಯ ಕಶೇರುವಿನವರೆಗೆ ಹರಡಿ ಹೆಗಲಿಗೆ ಅಂಟಿಕೊಂಡಿರುವ ಟ್ರಪೀಜಿಯಸ್ಸಿನ ಠೀವಿಯೇ ಬೇರೆ. ಅದಕ್ಕೆ ಆದೇಶ ಹೊರಡುವುದು 11ನೆಯ ಕಪಾಲ ನರದ ಮೂಲಕ. ಅದರಡಿಯ ಲೆವೇಟರ್ ಸ್ಕ್ಯಾಪುಲೆಯ ಕೆಲಸ ಹೆಗಲ ಮೂಳೆಯನ್ನು ಮೇಲೆತ್ತುವುದು. ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ತರಕಾರಿ ಹೆಚ್ಚುವವರೆಲ್ಲ ಈ ಬಡಪಾಯಿಯಿಂದ ಓವರ್‌ಟೈಮ್ ಮಾಡಿಸುತ್ತಾರೆ.

ಇನ್ನು ಲ್ಯಾಟಿಸಿಮಸ್ ಡಾರ್ಸೈ. ಬೆನ್ನಿನ ಅತಿ ಅಗಲದ ಸ್ನಾಯು. ಸೊಂಟದ ಕಡೆಯಿಂದ ಬೀಸಣಿಗೆ ಬಿಚ್ಚಿ ಹೊರಟು, ಕಂಕುಳ ಬಳಿ ಕಿರಿದಾಗಿ, ತೋಳಿನ ಮೂಳೆಗೆ ಹೋಗಿ ಅಂಟುತ್ತದೆ. ಬಾವಿಯಿಂದ ನೀರು ಸೇದುವವರಿಗೆ, ತೆಂಗಿನಮರ ಹತ್ತುವವರಿಗೆ ಆಸರೆ ಅದೇ. ಕಂಕುಳ ಹಿಂದಿನ ಮಡಿಕೆಯನ್ನು ಹಿಡಿದು ಒಮ್ಮೆ ಜೋರಾಗಿ ಕೆಮ್ಮಿ ನೋಡಿ, ಬೆರಳ ನಡುವೆ ಸೆಟೆದುಕೊಳ್ಳುತ್ತದೆ. ಜಿಮ್ಮಿಗೆ ಹೋಗುವ ನನ್ನ ತಂಗಿಯ ಮಗ ಅಂಗಿ ಬಿಚ್ಚಿ ಕನ್ನಡಿಗೆ ಬೆನ್ನು ತಿರುಗಿಸಿ ‘ವಿಂಗ್ಸ್’ ಎಂದು ತೋರಿಸುವುದು ಇದನ್ನೇ. ಹೊಗಳಿಕೆ, ಫೋಟೋ ಎಲ್ಲ ಡೆಪ್ಯುಟೇಷನ್ನಿನವರಿಗೇ.

ಖಾಯಂ ನೌಕರರು ಒಳಕೋಣೆಯಲ್ಲಿದ್ದಾರೆ. ಬೆನ್ನುಮೂಳೆಯ ಎರಡೂ ಬದಿಗೆ ಮೂರು ಮೂರು ಸಾಲಾಗಿ ನಿಂತ ಇರೆಕ್ಟರ್ ಸ್ಪೈನಿ ನಮ್ಮನ್ನು ನೆಟ್ಟಗೆ ನಿಲ್ಲಿಸುವ ತಂಡ. ನಾವು ಬಗ್ಗತೊಡಗಿದಾಗ ಅದು ಭಾರ ಹಿಡಿದುಕೊಂಡು ಮೆಲ್ಲಗೆ ಇಳಿಸುತ್ತದೆ. ಪೂರ್ತಿ ಬಗ್ಗಿದ ಮೇಲೆ ಬಹುಮಟ್ಟಿಗೆ ಸುಮ್ಮನಾಗಿಬಿಡುತ್ತದೆ! ಆಗ ಹೊರೆ ಬೀಳುವುದು ಮೂಳೆಗಳನ್ನು ಕಟ್ಟಿಹಿಡಿದ ಅಸ್ಥಿರಜ್ಜುಗಳ ಮೇಲೆ. ನನ್ನ ಸೋಪು ಇದ್ದದ್ದು ಸರಿಯಾಗಿ ಆ ಊಟದ ವಿರಾಮದ ಆಳದಲ್ಲಿ.

ಇನ್ನೂ ಒಳಗೆ ಮಲ್ಟಿಫಿಡಸ್. ಸೊಂಟದ ಕೆಳಗಿನ ತ್ರಿಕಾಸ್ಥಿಯಿಂದ ಕತ್ತಿನವರೆಗೆ, ಎರಡರಿಂದ ನಾಲ್ಕು ಕಶೇರುಗಳನ್ನು ದಾಟಿ ದಾಟಿ ಹೊಲಿಗೆ ಹಾಕುತ್ತಾ ಹೋಗುವ ಚಿಕ್ಕಚಿಕ್ಕ ಎಳೆಗಳು. ಕಶೇರುಗಳು ಅಲುಗಾಡದಂತೆ ಹಿಡಿದಿಡುವುದು ಇದರ ಕೆಲಸ. ಯಾವ ಕನ್ನಡಿಯಲ್ಲೂ ಕಾಣದು, ಯಾವ ಜಿಮ್ಮಿನಲ್ಲೂ ಚಪ್ಪಾಳೆಯಿಲ್ಲ. ಸೊಂಟ ನೋವು ಬಂದವರಲ್ಲಿ ಇದು ಸೊರಗುವುದುಂಟು. ನೋವು ಹೋದರೂ ತಾನಾಗಿ ಡ್ಯೂಟಿಗೆ ಹಾಜರಾಗದೆ ಇರಬಹುದು. ವ್ಯಾಯಾಮದ ನೋಟಿಸು ಕೊಟ್ಟೇ ಕರೆಸಬೇಕು.

ನೋಟಿಸಿನ ವಿಧಾನ ಹೀಗೆ: ಅಂಗೈ, ಮಂಡಿ ನೆಲಕ್ಕೂರಿ ನಾಲ್ಕು ಕಾಲಿನ ಪ್ರಾಣಿಯಾಗಬೇಕು, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಅಲುಗದೆ ನಿಲ್ಲಬೇಕು. ಸಂಜೆ ಮಂಚದ ಪಕ್ಕದಲ್ಲಿ ನಾನು ಈ ಭಂಗಿಯಲ್ಲಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತಳು.

“ಏನ್ರೀ ಹುಡುಕ್ತಾ ಇದ್ದೀರಿ?”

“ಮಲ್ಟಿಫಿಡಸ್ಸು.”

“ಹಾಗೇ ನನ್ನ ಓಲೆ ತಿರುಪೂ ಅಲ್ಲೇ ಎಲ್ಲೋ ಬಿದ್ದಿದೆ. ಯಾವುದು ಮೊದಲು ಸಿಗುತ್ತೋ ನೋಡಿ.”

ತಿರುಪು ಮೊದಲು ಸಿಕ್ಕಿತು.